ಪ್ರಕಟಣೆ ಮೇಷ್ಟ್ರು

ಊರಿನಲ್ಲಿ ಅವರ ಮುಖ ಗೊತ್ತಿದ್ದವರು ಬೆರಳೆಣಿಕೆಯಷ್ಟು ಜನ. ದನಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಬಸ್ ನಿಲ್ದಾಣದ ಮಹಡಿಯಲ್ಲಿ, ಒಂದೇ ಕಿಟಕಿಯಿದ್ದ ಗೂಡಿನಂಥ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂದು ನಮ್ಮ ಭಾಷೆಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳುವುದು ಅವರ ಕೆಲಸವಾಗಿತ್ತು. ದನಿಯೆಂದರೆ ಅಂತಿಂಥದ್ದಲ್ಲ, ಜೇನಿನಲ್ಲಿ ಅದ್ದಿ ತೆಗೆದಂಥದ್ದು. ಬಸ್ಸು ತಡವಾಗಿ ಬರುತ್ತದೆ ಎಂದು ಅವರು ಹೇಳಿದರೆ, ಬೈಯಬೇಕೆಂದು ಎದ್ದು ನಿಂತವರೂ ಹೋಗಲಿ ಬಿಡಿ ಎಂದು ಮತ್ತೆ ಬೆಂಚಿನ ಮೇಲೆ ಕೂರುತ್ತಿದ್ದರು. ನೆಂಟರಿಷ್ಟರೆಲ್ಲ ಅವರನ್ನು ಕರೆಯುತ್ತಿದ್ದುದೇ ಅನೌನ್ಸರು ಎಂದು. ನಾವೂ ಹಾಗೇ ಕರೆಯೋಣ, ಅವರಿಗೇನೂ ಬೇಸರವಿಲ್ಲ.

ಒಂದು ದಿನ ಆ ಗೂಡಿಗೆ ಒಂದು ಯಂತ್ರ ಬಂತು. ಅದರೊಳಗೆ ಯಾರದೋ ದನಿಯನ್ನು ತುಂಡುತುಂಡಾಗಿ ತುಂಬಿಟ್ಟಿದ್ದರು. ಗುಂಡಿ ಒತ್ತಿದರೆ ಸಾಕು, ತುಂಡುಗಳನ್ನು ತಾನೇ ಜೋಡಿಸಿಕೊಂಡು ಹೇಳಿಬಿಡುತ್ತಿತ್ತು. ಆ ದನಿಗೆ ನೆಗಡಿಯಾಗುವುದಿಲ್ಲ, ರಜೆ ಬೇಕಿಲ್ಲ, ಮಧ್ಯಾಹ್ನ ತೂಕಡಿಕೆ ಬರುವುದಿಲ್ಲ. ಅನೌನ್ಸರ ಕೈಕುಲುಕಿ ಕಳಿಸಿಬಿಟ್ಟರು. ಆಗ ಅವರಿಗೆ ನಲವತ್ತು ದಾಟಿತ್ತು. ಕೆಲಸ ಹೋದದ್ದಕ್ಕಿಂತ ಹೆಚ್ಚಾಗಿ ಅವರನ್ನು ಕೊರೆದದ್ದು ಇನ್ನೊಂದು ಸಂಗತಿ. ಯಂತ್ರ ಬಂದ ಮೇಲೆ ಹಳೆಯ ದನಿ ಎಲ್ಲಿ ಹೋಯಿತು ಎಂದು ಒಬ್ಬ ಪ್ರಯಾಣಿಕನೂ ಕೇಳಲಿಲ್ಲ. ಇಷ್ಟು ವರ್ಷ ಸಾವಿರಾರು ಜನರ ಜೊತೆ ಮಾತಾಡಿದೆ ಎಂದುಕೊಂಡಿದ್ದವರಿಗೆ, ಅವರಲ್ಲಿ ಒಬ್ಬರೂ ತಮ್ಮ ಜೊತೆ ಮಾತಾಡಿರಲಿಲ್ಲವಲ್ಲ ಎಂದು ಆಗ ಹೊಳೆಯಿತು. ಹೊಳೆದ ಮೇಲೆ ನಿದ್ದೆ ಬರಲಿಲ್ಲ.

ಮೇಷ್ಟರಾಗಿ ಎಂದು ಸೂಚಿಸಿದವಳು ಹೆಂಡತಿ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಜನರ ತೋಳಿಗೆ ಸೂಜಿ ಚುಚ್ಚುವ ಕೆಲಸದವಳು. ಯಾವುದನ್ನೂ ಸುತ್ತಿಬಳಸಿ ಹೇಳುವ ಅಭ್ಯಾಸವಿಲ್ಲ. ಇಂಗ್ಲಿಷ್ ಬರುತ್ತದೆ, ದನಿಯಿದೆ, ಹಳೆಯದೊಂದು ಪದವಿಯೂ ಪೆಟ್ಟಿಗೆಯಲ್ಲಿ ಕೊಳೆಯುತ್ತಿದೆ, ಇನ್ನೇನು ಬೇಕು ಎಂದಳು. ಅನೌನ್ಸರು ಶಿಕ್ಷಕರ ತರಬೇತಿ ಕಾಲೇಜು ಸೇರಿದರು. ಜೊತೆಯವರೆಲ್ಲ ಮೀಸೆ ಚಿಗುರುತ್ತಿರುವ ಹುಡುಗರು, ಅಂಕಲ್ ಎಂದು ಕರೆಯುವ ಹುಡುಗಿಯರು. ಅದನ್ನೂ ನುಂಗಿಕೊಂಡು ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದರು. ಉಳಿದದ್ದು ಒಂದೇ ಗಂಡಾಂತರ. ಒಂದು ಶಾಲೆಯಲ್ಲಿ ಕೆಲವು ತಿಂಗಳು ಇಂಗ್ಲಿಷ್ ಪಾಠ ಮಾಡಬೇಕು, ಕೊನೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಒಂದು ಪಾಠ ಒಪ್ಪಿಸಬೇಕು. ಪರೀಕ್ಷಕರು ಅಂಕ ಕೊಡುತ್ತಾರೆ. ಆದರೆ ಆ ಶಾಲೆಯ ಇಂಗ್ಲಿಷ್ ಟೀಚರು ಯೋಗ್ಯ ಎಂದು ಒಂದು ಮಾತು ಬರೆಯದಿದ್ದರೆ ಆ ಅಂಕ ಕೆಲಸಕ್ಕೆ ಬಾರದು. ಯೋಗ್ಯ ಅಲ್ಲದಿದ್ದರೆ ಏನು ಬರೆಯುತ್ತಾರೆ ಎಂದು ಅತ್ತೆ ಕೇಳಿದರು. ಅನೌನ್ಸರು ಹೇಳಿದರು. ಅಯೋಗ್ಯ ಅಂತ ಬರೆಯೋಕೆ ಟೀಚರೇ ಬೇಕಾ, ನನ್ನನ್ನು ಕೇಳಿದ್ರೆ ನಾನೇ ಬರೆದುಕೊಡ್ತಿದ್ದೆ ಎಂದು ಅತ್ತೆ ಮಗಳ ಕಡೆ ನೋಡಿ ನಕ್ಕರು. ಅವರು ಇವರ ಮನೆಯಲ್ಲೇ ಇರುತ್ತಿದ್ದರು, ಅಳಿಯನನ್ನು ರೇಗಿಸದೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

ಶಾಲೆ ಎರಡು ಮಹಡಿಯದು. ಎಂಟನೇ ತರಗತಿ ಮೇಲಿನ ಮಹಡಿಯ ತುದಿಯಲ್ಲಿತ್ತು. ಕಿಟಕಿಯ ಕೆಳಗೆ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ, ಬೋರ್ಡಿನ ಒಂದು ಮೂಲೆ ಸವೆದು ಅಲ್ಲಿ ಬರೆದದ್ದು ಯಾರಿಗೂ ಕಾಣದು, ಫ್ಯಾನು ತಿರುಗುವಾಗ ಪ್ರತಿ ಸುತ್ತಿಗೂ ಒಮ್ಮೆ ಕಟ್ ಎನ್ನುವುದು. ಅಲ್ಲಿಯ ಇಂಗ್ಲಿಷ್ ಟೀಚರು ನಿವೃತ್ತಿಯ ಅಂಚಿನಲ್ಲಿದ್ದ ಕುಳ್ಳಗಿನ ಹೆಂಗಸು. ಎಲ್ಲರೂ ಅವರನ್ನು ಹಿರಿಯ ಮೇಡಂ ಎನ್ನುತ್ತಿದ್ದರು. ತಮ್ಮ ತರಗತಿಯನ್ನು ಅನೌನ್ಸರಿಗೆ ಒಪ್ಪಿಸಿ, ತಾವು ಕೊನೆಯ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತು, ಕಾಪಿ ಪುಸ್ತಕ ತಿದ್ದುತ್ತಾ ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ಮುಖ ನೋಡಿ ಹೇಳುವಂತಿರಲಿಲ್ಲ.

ಮೊದಲ ದಿನವೇ ಅನೌನ್ಸರು ಗೆದ್ದರು ಎನ್ನಬೇಕು. ಪಾಠದ ಮೊದಲ ಸಾಲನ್ನು ಅವರು ಓದಿದ್ದೇ ತಡ, ಕಿಟಕಿಯಾಚೆ ನೋಡುತ್ತಿದ್ದ ಕತ್ತುಗಳೆಲ್ಲ ಇತ್ತ ತಿರುಗಿದವು. ಅವರು ಒಂದು ವಾಕ್ಯ ಹೇಳುವುದು, ಮಕ್ಕಳು ಒಕ್ಕೊರಲಿನಲ್ಲಿ ಹಿಂದಿನಿಂದ ಹೇಳುವುದು. ಇಷ್ಟು ದಿನ ಇಂಗ್ಲಿಷ್ ಎಂದರೆ ಹಾಗಲಕಾಯಿ ತಿಂದವರಂತೆ ಮುಖ ಮಾಡುತ್ತಿದ್ದ ಮಕ್ಕಳು ಸಾಲುಸಾಲಾಗಿ ಒಪ್ಪಿಸತೊಡಗಿದರು. ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು ಕೇಳಿಕೊಂಡು ಹೋದರು. ಅನೌನ್ಸರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೈಕಿಗೆ ಎಂದೂ ಬಾರದಿದ್ದ ಉತ್ತರ ಈಗ ಒಂದೇ ಸಲಕ್ಕೆ ಒಂದು ಕೋಣೆಯ ತುಂಬ ಬರುತ್ತಿದೆ ಎಂದು ಮನೆಯಲ್ಲಿ ಹೇಳಿಕೊಂಡು ಹಿಗ್ಗಿದರು.

ಹಿಗ್ಗು ಒಡೆದದ್ದು ಹೆಡ್‌ಮಾಸ್ಟರ ಕೋಣೆಯಲ್ಲಿ. ತರಗತಿಯ ಹುಡುಗನೊಬ್ಬನಿಗೆ ಜ್ವರ ಬಂದಿತ್ತು. ಅವನನ್ನು ಮನೆಗೆ ಕಳಿಸಲು ಅನುಮತಿ ಕೇಳಬೇಕೆಂದು ಗೆಳೆಯನೊಬ್ಬ ಹೋದ. ಅದು ದಪ್ಪ ಕನ್ನಡಕದ ಹುಡುಗ, ಮಾತಿನಲ್ಲಿ ಮುಂದು. ಇಂಗ್ಲಿಷಿನಲ್ಲೇ ಕೇಳಿ ಭೇಷ್ ಅನ್ನಿಸಿಕೊಳ್ಳೋಣ ಎಂದುಕೊಂಡನೋ ಏನೋ, ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದು ಕ್ಷಣ ಬಿಟ್ಟು, ದಯವಿಟ್ಟು ಗಮನಿಸಿ ಎಂದು ಶುರುಮಾಡಿದನಂತೆ. ಎಂಟನೇ ತರಗತಿಯಿಂದ ಜ್ವರದ ಹುಡುಗ ಇನ್ನು ಸ್ವಲ್ಪ ಹೊತ್ತಿನಲ್ಲಿ ಮನೆಯ ಕಡೆಗೆ ಹೊರಡಲಿದ್ದಾನೆ ಎಂದು, ಪ್ರತಿ ಮಾತನ್ನೂ ಎಳೆದು, ಕೊನೆಯಲ್ಲಿ ದನಿ ಇಳಿಸಿ, ಉಂಟಾದ ಅಡಚಣೆಗೆ ವಿಷಾದಿಸುತ್ತೇವೆ ಎಂದು ಮುಗಿಸಿದನಂತೆ. ಹೆಡ್‌ಮಾಸ್ಟರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೈಸನ್ನೆಯಲ್ಲೇ ಹೋಗು ಎಂದರು. ಮಧ್ಯಾಹ್ನದೊಳಗೆ ಇಡೀ ಶಾಲೆಗೆ ಸುದ್ದಿ ಮುಟ್ಟಿತು. ಅನೌನ್ಸರಿಗೆ ಪ್ರಕಟಣೆ ಮೇಷ್ಟ್ರು ಎಂಬ ಹೆಸರು ಬಿದ್ದದ್ದು ಅಂದೇ.

ಅನೌನ್ಸರು ಮೊದಲು ನಕ್ಕರು, ಆಮೇಲೆ ಒಳಗೊಳಗೇ ಸ್ವಲ್ಪ ಉಬ್ಬಿದರು. ಹಿರಿಯ ಮೇಡಂ ನಗಲಿಲ್ಲ. ಸಂಜೆ ಅವರನ್ನು ಮಹಡಿಯ ಕಟಕಟೆಯ ಹತ್ತಿರ ಕರೆದುಕೊಂಡು ಹೋಗಿ, ಕೆಳಗೆ ಆಟವಾಡುತ್ತಿದ್ದ ಮಕ್ಕಳ ಕಡೆ ಕೈತೋರಿಸಿ, ಸುಮ್ಮನೆ ಕೇಳಿ ಎಂದರು. ಮಕ್ಕಳು ಮೋಜಿಗೆ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಚೆಂಡು ಕೇಳುವವನೂ ಅದೇ ರಾಗ, ಕೊಡುವುದಿಲ್ಲ ಎನ್ನುವವನೂ ಅದೇ ರಾಗ, ಬಿದ್ದು ಮಂಡಿ ತರಚಿಕೊಂಡವನೂ ಅದೇ ರಾಗ. ಅಷ್ಟೂ ಬಾಯಿಗಳಿಂದ ಹೊರಡುತ್ತಿದ್ದುದು ಒಂದೇ ದನಿ, ಅದು ಅನೌನ್ಸರದು.

“ಮಕ್ಕಳು ಇಂಗ್ಲಿಷ್ ಮಾತಾಡ್ತಿಲ್ಲ,” ಎಂದರು ಹಿರಿಯ ಮೇಡಂ. “ನಿಮ್ಮನ್ನ ಮಾತಾಡ್ತಿದ್ದಾರೆ. ಹೀಗೇ ಇದ್ರೆ ನಾನು ಯೋಗ್ಯ ಅಂತ ಬರೆಯೋಕಾಗಲ್ಲ. ಈಗಲೇ ಹೇಳಿಬಿಡ್ತೀನಿ, ಆಮೇಲೆ ಬೇಜಾರು ಬೇಡ.”

ಅನೌನ್ಸರ ಮುಖ ಸಪ್ಪಗಾಯಿತು. ಏನು ಮಾಡಬೇಕು ಎಂದು ಕೇಳಿದರು. ದಿನಕ್ಕೊಂದು ಪ್ರಶ್ನೆ ಕೇಳಿ ಎಂದರು ಮೇಡಂ. ಕೇಳುತ್ತಲೇ ಇದ್ದೇನಲ್ಲ, ಇದೇನು, ಅದೇನು, ಕತೆಯಲ್ಲಿ ರಾಜ ಏನು ಮಾಡಿದ, ಎಲ್ಲ ಕೇಳುತ್ತೇನೆ ಎಂದು ಅನೌನ್ಸರು ತಮ್ಮ ಪರ ವಾದಿಸಿದರು. ಅವೆಲ್ಲ ನಿಮಗೇ ಉತ್ತರ ಗೊತ್ತಿರುವ ಪ್ರಶ್ನೆಗಳು ಎಂದರು ಮೇಡಂ. ನಿಮಗೆ ಉತ್ತರ ಗೊತ್ತಿಲ್ಲದ್ದು ಒಂದು ಕೇಳಿ. ಕೇಳಿ ಬಾಯಿ ಮುಚ್ಚಿಕೊಂಡು ನಿಲ್ಲಿ. ಇಷ್ಟು ಹೇಳಿ ಬ್ಯಾಗು ಹೆಗಲಿಗೇರಿಸಿ ಹೊರಟುಹೋದರು.

ಹೇಳಿದಷ್ಟು ಸುಲಭವಲ್ಲ ಅದು. ಮನೆಗೆ ಬಂದು ಅನೌನ್ಸರು ತಲೆ ಕೆರೆದುಕೊಂಡು ಕೂತರು. ಉತ್ತರ ಗೊತ್ತಿಲ್ಲದ ಪ್ರಶ್ನೆ ಒಂದೂ ನೆನಪಿಗೆ ಬರಲಿಲ್ಲ. ನಿಲ್ದಾಣದ ಮೇಲೆ ಕೂತವರಿಗೆ ಎಲ್ಲ ಗೊತ್ತಿರಬೇಕು. ಗೊತ್ತಿಲ್ಲ ಎಂದು ಮೈಕಿನಲ್ಲಿ ಹೇಳಲು ಬರುತ್ತದೆಯೇ? ಹೆಂಡತಿಯನ್ನು ಕೇಳಿದರೆ ಅವಳು, ನಾನು ಸೂಜಿ ಹಿಡಿಯೋ ಮೊದಲು ಯಾವ ಕೈ ಅಂತ ಕೇಳ್ತೀನಿ, ಅದು ನನಗೆ ಗೊತ್ತಿರಲ್ಲ, ಕೇಳದೆ ಚುಚ್ಚಿದರೆ ಒದೆ ಬೀಳುತ್ತೆ ಎಂದಳು. ಅಭ್ಯಾಸಕ್ಕೆ ಒಂದು ಇರಲಿ ಎಂದು ಅನೌನ್ಸರು ಅತ್ತೆಯ ಕಡೆ ತಿರುಗಿ, ದಿನಾ ಬೆಳಿಗ್ಗೆ ನಾನು ಮಾಡಿಕೊಡೋ ಟೀ ಹೇಗಿರುತ್ತೆ ಎಂದು ಕೇಳಿದರು. ಅತ್ತೆ ಬೆಚ್ಚಿಬಿದ್ದು ಅಳಿಯನ ಹಣೆ ಮುಟ್ಟಿ ನೋಡಿದರು.

“ಸಕ್ಕರೆ ಜಾಸ್ತಿ,” ಎಂದರು. “ಮೊದಲಿಂದಲೂ ಜಾಸ್ತಿ. ನನಗೆ ಸಕ್ಕರೆ ಹಾಕಿದ ಟೀನೇ ಸೇರಲ್ಲ.”

“ಇಷ್ಟು ವರ್ಷ ಒಂದು ಮಾತು ಹೇಳಲಿಲ್ವಲ್ಲ ಅತ್ತೆ?”

“ನೀವು ಕೇಳಲಿಲ್ವಲ್ಲ. ತಂದಿಟ್ಟು, ಟೀ ಸಿದ್ಧವಾಗಿದೆ ಅಂತ ಪ್ರಕಟಣೆ ಕೊಟ್ಟು ಹೋಗಿಬಿಡ್ತಿದ್ರಿ.”

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅನೌನ್ಸರೂ ನಕ್ಕರು, ಆದರೆ ಒಳಗೆ ಎಲ್ಲೋ ಚುರುಕ್ ಎಂದಿತು. ಅಷ್ಟು ವರ್ಷ ಆ ಮುದುಕಿ ಇಷ್ಟವಿಲ್ಲದ ಟೀಯನ್ನು ಸದ್ದಿಲ್ಲದೆ ಕುಡಿದಿದ್ದರು. ಮರುದಿನದಿಂದ ಅವರ ಲೋಟಕ್ಕೆ ಸಕ್ಕರೆ ಬೀಳಲಿಲ್ಲ.

ಶಾಲೆಯಲ್ಲಿ ಕೇಳಲು ಪ್ರಶ್ನೆಯೂ ತಾನಾಗಿ ಒದಗಿಬಂತು. ಶಾಲೆಯ ಮುಂದಿನ ರಸ್ತೆಯನ್ನು ಪೈಪು ಹಾಕಲು ಅಗೆದುಬಿಟ್ಟಿದ್ದರು, ಅನೌನ್ಸರು ಕೆಸರಿನಲ್ಲಿ ಜಾರಿ ಪ್ಯಾಂಟು ಕೊಳೆ ಮಾಡಿಕೊಂಡು ತರಗತಿಗೆ ಬಂದರು. ನಿಜಕ್ಕೂ ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ. ತಮ್ಮ ಮನೆಯಿದ್ದ ಅಂಚೆ ಕಚೇರಿಯ ಕಡೆಗೆ ಹೋಗಲು ಬೇರೆ ದಾರಿ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತರಗತಿ ತುಟಿ ಪಿಟಕ್ಕೆನ್ನಲಿಲ್ಲ. ಉತ್ತರವನ್ನೂ ಸರ್ ಹೇಳುತ್ತಾರೆ, ಹೇಳಿದ ಮೇಲೆ ನಾವು ಹಿಂದಿನಿಂದ ಹೇಳಿದರಾಯಿತು ಎಂದು ಮಕ್ಕಳು ಕಾಯುತ್ತಿದ್ದರು. ಅನೌನ್ಸರಿಗೆ ಬೆವರು ಕಿತ್ತುಕೊಂಡಿತು. ನಿಲ್ದಾಣದಲ್ಲಿ ಮೈಕು ಒಂದು ಗಳಿಗೆ ಸುಮ್ಮನಾದರೆ ಮೇಲಧಿಕಾರಿ ಓಡಿಬರುತ್ತಿದ್ದ. ಮೌನವೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು, ಅವರು ಹಲ್ಲು ಕಚ್ಚಿ ಮುಚ್ಚಿಕೊಂಡರು. ಫ್ಯಾನು ಕಟ್, ಕಟ್ ಎನ್ನುತ್ತಲೇ ಇತ್ತು. ಕೊನೆಗೆ ಕನ್ನಡಕದ ಹುಡುಗ ಎದ್ದು, ಮುರುಕು ಇಂಗ್ಲಿಷಿನಲ್ಲಿ, ಹಿಂದಿನ ಗೇಟು ಸರ್, ನಾಯಿ ಇದೆ, ಕಚ್ಚಲ್ಲ ಎಂದ. ಅದರಲ್ಲಿ ಪ್ರಕಟಣೆಯ ರಾಗ ಎಳ್ಳಷ್ಟೂ ಇರಲಿಲ್ಲ. ಕೊನೆಯ ಬೆಂಚಿನಲ್ಲಿ ಹಿರಿಯ ಮೇಡಂ ಕಾಪಿ ಪುಸ್ತಕದಿಂದ ತಲೆಯೆತ್ತಿದರು.

ಅನೌನ್ಸರು ಸಂಜೆ ಹಿಂದಿನ ಗೇಟಿನಿಂದ ಹೋದರು. ನಾಯಿ ಕಚ್ಚಲಿಲ್ಲ, ಆದರೆ ಅಟ್ಟಿಸಿಕೊಂಡು ಬಂತು. ಮಾರನೆಯ ದಿನ ತರಗತಿಗೆ ಬಂದು ದೂರು ಹೇಳಿದ್ದೇ ತಡ, ಗಲಾಟೆಯೆದ್ದಿತು. ನೀವು ಯಾಕೆ ಓಡಿದಿರಿ ಎಂದು ಕನ್ನಡಕದ ಹುಡುಗ ಇಂಗ್ಲಿಷಿನಲ್ಲೇ ಕೇಳಿದ. ಓಡಿದರೆ ಅದು ಬರುತ್ತದೆ, ನಿಂತರೆ ಬರುವುದಿಲ್ಲ ಎಂದು ಇನ್ನೊಬ್ಬಳು. ನಿಂತವರನ್ನೂ ಅದು ಬಿಟ್ಟಿಲ್ಲ, ನನ್ನ ಅಣ್ಣನ ಚಪ್ಪಲಿ ಕೇಳಿ ಎಂದು ಮತ್ತೊಬ್ಬ. ಅರ್ಧ ಇಂಗ್ಲಿಷ್, ಅರ್ಧ ನಮ್ಮ ಭಾಷೆ, ಉಳಿದದ್ದು ಕೈಸನ್ನೆ. ಅನೌನ್ಸರು ಮೇಜಿಗೆ ಒರಗಿ ನಿಂತು ನೋಡುತ್ತಿದ್ದರು. ಅಂದು ಅವರು ಹೇಳಿಕೊಟ್ಟ ಪಾಠ ಏನೂ ಇಲ್ಲ, ಆದರೂ ಗಂಟೆ ಬಾರಿಸಿದಾಗ ಅಯ್ಯೋ ಮುಗಿದೇಹೋಯಿತೇ ಎನ್ನಿಸಿತು.

ಅಲ್ಲಿಂದ ಮುಂದೆ ದಿನಕ್ಕೊಂದು ನಿಜವಾದ ಪ್ರಶ್ನೆ. ಬಿಚ್ಚಿದ ಕೊಡೆ ಗಾಳಿಗೆ ಮಗುಚಿಕೊಂಡರೆ ಸರಿಮಾಡುವುದು ಹೇಗೆ, ಹೆಂಡತಿ ಮುನಿಸಿಕೊಂಡರೆ ಮೊದಲು ಯಾರು ಮಾತಾಡಬೇಕು, ಗಣಿತದ ಮೇಷ್ಟ್ರು ಯಾಕೆ ಯಾವಾಗಲೂ ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿರುತ್ತಾರೆ. ರಾಗ ಒಬ್ಬೊಬ್ಬರದೇ ಸಡಿಲವಾಗುತ್ತ ಬಂತು. ಇಡೀ ತರಗತಿಯಲ್ಲಿ ಬಾಯಿ ಬಿಡದೆ ಉಳಿದವಳು ಕಿಟಕಿಯ ಪಕ್ಕದ ಮೂಲೆಯ ಬೆಂಚಿನ ಹುಡುಗಿಯೊಬ್ಬಳೇ. ತೆಳ್ಳಗಿದ್ದಳು, ತೋಳು ಉದ್ದವಾದ ಸ್ವೆಟರು ಹಾಕಿಕೊಂಡು ಬೆರಳುಗಳನ್ನು ಒಳಗೆಳೆದುಕೊಂಡಿರುತ್ತಿದ್ದಳು. ಅವಳ ಮೇಲೆ ಅನೌನ್ಸರಿಗೆ ಕನಿಕರ. ಮೊದಲೇ ಕೇಳಿದರೆ ಗಾಬರಿಯಾದೀತು ಎಂದು, ಎಲ್ಲರೂ ಹೇಳಿ ಮುಗಿಸಿದ ಮೇಲೆ ಮೆಲ್ಲಗೆ, ಬೆಣ್ಣೆಯಂಥ ದನಿಯಲ್ಲಿ ಅವಳನ್ನು ಕೇಳುತ್ತಿದ್ದರು. ಅವಳು ಎದ್ದು ನಿಂತು, ನೆಲ ನೋಡಿ, ತಲೆಯಾಡಿಸಿ ಕೂರುತ್ತಿದ್ದಳು. ಪರವಾಗಿಲ್ಲ ಎಂದು ಅನೌನ್ಸರು ಬೋರ್ಡಿನ ಕಡೆ ತಿರುಗುತ್ತಿದ್ದರು. ತಾವು ಎಷ್ಟು ಮೃದುವಾಗಿ ನಡೆದುಕೊಳ್ಳುತ್ತಿದ್ದೇವೆ ಎಂದು ಅವರಿಗೆ ತಮ್ಮ ಬಗ್ಗೆ ಸ್ವಲ್ಪ ಮೆಚ್ಚುಗೆಯೂ ಇತ್ತು.

ಕೊನೆಯ ಪಾಠದ ದಿನ ಬಂದೇಬಿಟ್ಟಿತು. ಅದೇ ಅವರು ಆ ಶಾಲೆಯಲ್ಲಿರುವ ಕೊನೆಯ ದಿನವೂ ಹೌದು. ಕಾಲೇಜಿನಲ್ಲಿ ಒಂದು ಪದ್ಧತಿಯಿದೆ. ಪಾಠದ ಯೋಜನೆಯಲ್ಲಿ ಮೇಷ್ಟ್ರು ಕೇಳುವ ಪ್ರತಿ ಪ್ರಶ್ನೆಯ ಎದುರಿಗೆ ಮಕ್ಕಳು ಕೊಡಬೇಕಾದ ಉತ್ತರವನ್ನೂ ಮೊದಲೇ ಬರೆದಿಡಬೇಕು, ಅದಕ್ಕೆ ನಿರೀಕ್ಷಿತ ಉತ್ತರ ಎಂದು ಹೆಸರು. ನಿರೀಕ್ಷೆ ಹುಸಿಯಾಗದಿರಲಿ ಎಂದು ಎಲ್ಲ ತರಬೇತಿಯವರೂ ಹಿಂದಿನ ದಿನ ಮಕ್ಕಳನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸುತ್ತಾರೆ. ಪರೀಕ್ಷಕರಿಗೂ ಗೊತ್ತು, ಹೆಡ್‌ಮಾಸ್ಟರಿಗೂ ಗೊತ್ತು, ಗೊತ್ತಿಲ್ಲದವರಂತೆ ಇರುವುದೂ ಪದ್ಧತಿಯ ಒಂದು ಭಾಗ. ಅನೌನ್ಸರಿಗೆ ಅದನ್ನು ಮುರಿಯುವಷ್ಟು ಧೈರ್ಯವಿರಲಿಲ್ಲ. ಅವರೂ ಅಭ್ಯಾಸ ಮಾಡಿಸಿದ್ದರು. ನಲವತ್ತು ದಾಟಿದವನಿಗೆ ಇನ್ನೊಂದು ವರ್ಷ ಕಾಯುವ ಶಕ್ತಿಯಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಪರೀಕ್ಷಕರು ಎತ್ತರದ ಆಸಾಮಿ. ಮಕ್ಕಳ ಬೆಂಚಿನಲ್ಲಿ ಕಾಲು ಹಿಡಿಸದೆ ಅಡ್ಡಡ್ಡ ಕೂತಿದ್ದರು. ಪಕ್ಕದಲ್ಲಿ ಹಿರಿಯ ಮೇಡಂ, ಅಂದು ಕೈಯಲ್ಲಿ ಕಾಪಿ ಪುಸ್ತಕವಿಲ್ಲ. ಹೊಸ ಮುಖ ಕಂಡು ಮಕ್ಕಳು ಹೆದರಿದ್ದರು. ಹೆದರಿದವರು ಎಲ್ಲಿಗೆ ಓಡುತ್ತಾರೆ? ಅಭ್ಯಾಸವಾದ ಜಾಗಕ್ಕೆ. ಅನೌನ್ಸರು ಮೊದಲ ಪ್ರಶ್ನೆ ಕೇಳಿದ್ದೇ ತಡ, ಇಡೀ ತರಗತಿ ಹಳೆಯ ಪ್ರಕಟಣೆಯ ರಾಗದಲ್ಲಿ, ಎಳೆದು, ಇಳಿಸಿ, ನಿರೀಕ್ಷಿತ ಉತ್ತರವನ್ನು ಅಕ್ಷರ ಬಿಡದೆ ಒಪ್ಪಿಸಿತು. ಎರಡನೆಯದಕ್ಕೂ ಹಾಗೇ. ದೊಡ್ಡವನಾದ ಮೇಲೆ ಏನಾಗುತ್ತೀ ಎಂದು ಕೇಳಿದರೆ ಒಬ್ಬರ ಹಿಂದೊಬ್ಬರು ಡಾಕ್ಟರಾದರು. ಅಷ್ಟು ಡಾಕ್ಟರುಗಳು ಒಂದೇ ಕೋಣೆಯಿಂದ ಹೊರಟರೆ ಊರಿನಲ್ಲಿ ಕಾಯಿಲೆ ಬೀಳಲು ಜನ ಸಾಲುವುದಿಲ್ಲ. ಪರೀಕ್ಷಕರು ತಲೆಯಾಡಿಸುತ್ತ, ತೃಪ್ತಿಯಿಂದ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಹಿರಿಯ ಮೇಡಂ ಕಿಟಕಿಯ ಹೊರಗೆ ನೋಡುತ್ತಿದ್ದರು.

ಹೀಗೇ ಗಂಟೆ ಬಾರಿಸುವವರೆಗೆ ಎಳೆದುಕೊಂಡು ಹೋದರೆ ಪರೀಕ್ಷಕರ ಅಂಕ ಕೈಗೆ ಬಂದಂತೆಯೇ. ಇಷ್ಟು ಚಂದದ ಅಂಕದ ಮುಂದೆ ಮೇಡಂ ಕೂಡ ಕೊನೆಗೆ ಮನಸ್ಸು ಕರಗಿ ಬರೆದುಕೊಟ್ಟಾರು. ಅನೌನ್ಸರಿಗೆ ಇದೆಲ್ಲ ಲೆಕ್ಕ ಗೊತ್ತಾಯಿತು. ಅದರ ಜೊತೆಗೆ ಇನ್ನೊಂದೂ ಗೊತ್ತಾಯಿತು. ಇವತ್ತು ಹೀಗೆ ಪಾಸಾದರೆ ತಾವು ಮತ್ತೆ ಆ ಗೂಡಿಗೇ ಹೋಗಿ ಕೂತಂತೆ. ಇಲ್ಲಿ ಮೈಕೊಂದಿಲ್ಲ, ಅಷ್ಟೇ. ಅವರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಯೋಜನೆಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದರು. ಇಂಗ್ಲಿಷಿನಲ್ಲೇ, ನಿಧಾನವಾಗಿ. ಇವತ್ತು ನನ್ನ ಕೊನೆಯ ದಿನ. ಮುಂದಿನ ಶಾಲೆಯಲ್ಲಿ ನಾನು ಏನನ್ನು ಬೇರೆ ರೀತಿ ಮಾಡಬೇಕು?

ಪರೀಕ್ಷಕರು ಯೋಜನೆಯ ಹಾಳೆ ತಿರುವಿ ಈ ಪ್ರಶ್ನೆ ಎಲ್ಲಿದೆ ಎಂದು ಹುಡುಕಿದರು. ಮಕ್ಕಳು ಗರಬಡಿದವರಂತೆ ಕೂತಿದ್ದರು. ಅನೌನ್ಸರು ಕಾದರು. ಕನ್ನಡಕದ ಹುಡುಗ ಮೆಲ್ಲಗೆ ಎದ್ದು, ಬೋರ್ಡಿನ ಆ ಮೂಲೆಯಲ್ಲಿ ಬರೆಯಬೇಡಿ, ಕಾಣಲ್ಲ ಎಂದ. ಅಷ್ಟಕ್ಕೇ ಕಟ್ಟೆ ಒಡೆಯಿತು. ಬೇಗ ಬೇಗ ಮಾತಾಡಬೇಡಿ, ನಾಯಿ ಕಂಡರೆ ಓಡಬೇಡಿ, ಅದೇ ಜೋಕನ್ನು ಎರಡು ಸಲ ಹೇಳಬೇಡಿ. ಒಬ್ಬೊಬ್ಬರದು ಒಂದೊಂದು ದನಿ, ಒಂದೊಂದು ತಪ್ಪು. ಪರೀಕ್ಷಕರ ಪೆನ್ನು ನಿಂತುಹೋಗಿತ್ತು, ಹುಬ್ಬು ಗಂಟಿಕ್ಕಿತ್ತು. ಎಲ್ಲರದೂ ಮುಗಿಯಿತು. ಎಂದಿನಂತೆ, ಬೆಣ್ಣೆಯ ದನಿಯಲ್ಲಿ, ಅನೌನ್ಸರು ಮೂಲೆಯ ಹುಡುಗಿಯ ಕಡೆ ತಿರುಗಿ, ನೀನು ಏನಾದರೂ ಹೇಳ್ತೀಯಾ ಎಂದರು.

ಅವಳು ಎದ್ದಳು. ನೆಲ ನೋಡಿದಳು. ಆಮೇಲೆ ನೆಲ ಬಿಟ್ಟು ಅವರ ಮುಖ ನೋಡಿದಳು.

“ಆಸ್ಕ್ ಮಿ ಫಸ್ಟ್, ಸರ್,” ಎಂದಳು. ಇಂಗ್ಲಿಷ್ ಸಾಲದೆ ನಮ್ಮ ಭಾಷೆಗೆ ಬಂದಳು. “ನೀವು ಯಾವಾಗಲೂ ನನ್ನನ್ನ ಕೊನೆಗೇ ಕೇಳ್ತೀರಿ. ಅಷ್ಟೊತ್ತಿಗೆ ನಾನು ಅಂದುಕೊಂಡಿದ್ದೆಲ್ಲ ಬೇರೆಯವರು ಹೇಳಿಬಿಟ್ಟಿರ್ತಾರೆ. ನನಗೆ ಹೇಳೋಕೆ ಏನೂ ಉಳಿದಿರಲ್ಲ.”

ಅನೌನ್ಸರಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೊಡೆದವಳಲ್ಲಿ ಸಿಟ್ಟೇನೂ ಇರಲಿಲ್ಲ, ಕೇಳಿದ್ದಕ್ಕೆ ಹೇಳಿದ್ದಳು ಅಷ್ಟೇ. ತಮ್ಮ ಕನಿಕರ, ತಮ್ಮ ಮೃದುತನ, ಎಲ್ಲ ಒಂದು ಕ್ಷಣದಲ್ಲಿ ತಲೆಕೆಳಗಾಗಿ ನಿಂತಿತು. ಅಷ್ಟು ದಿನವೂ ಆ ಹುಡುಗಿಯ ಬಾಯಿಯ ಮಾತನ್ನು ತಾವೇ ಬೇರೆಯವರಿಗೆ ಹಂಚಿದ್ದರು. ಸಾರಿ ಎಂದರು. ಆಮೇಲೆ ಮೇಜನ್ನು ಬಿಟ್ಟು, ಅವಳ ಬೆಂಚಿನ ಹತ್ತಿರ ಬಂದು, ಹಾಗಾದರೆ ಈಗ ಮೊದಲು ನೀನು, ನಿನಗೆ ಏನು ಇಷ್ಟವೋ ಅದನ್ನು ಹೇಳು, ಬೇರೆ ಯಾರನ್ನೂ ಕೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಖಾಲಿಯಿದ್ದ ಪಕ್ಕದ ಬೆಂಚಿನಲ್ಲಿ ಕೂತರು.

ಅವಳು ಸ್ವೆಟರಿನ ತೋಳಿನಿಂದ ಬೆರಳುಗಳನ್ನು ಹೊರಗೆ ತೆಗೆದಳು. ಅವಳ ಅಮ್ಮ ಸಿನಿಮಾ ಥಿಯೇಟರಿನಲ್ಲಿ ಕಸ ಗುಡಿಸುತ್ತಾಳಂತೆ. ರಜೆಯ ದಿನ ಇವಳೂ ಹೋಗುತ್ತಾಳಂತೆ. ಜನ ಸೀಟಿನ ಕೆಳಗೆ ಏನೇನೋ ಬಿಟ್ಟು ಹೋಗುತ್ತಾರೆ. ಒಂದೇ ಚಪ್ಪಲಿ. ಒಂದು ಸಲ ಒಂದು ಎಲೆಕೋಸು. ಇಂಗ್ಲಿಷಿನಲ್ಲಿ ಎಲೆಕೋಸು ಬಾರದೆ ಕೈಯಲ್ಲಿ ದುಂಡಗೆ ತೋರಿಸಿದಳು, ಹತ್ತು ಬಾಯಿಗಳು ಕ್ಯಾಬೇಜ್ ಎಂದವು. ಇನ್ನೊಂದು ಸಲ ಹಲ್ಲಿನ ಸೆಟ್ಟು. ತರಗತಿ ಘೊಳ್ಳೆಂದಿತು. ಅವಳು ನಗಲಿಲ್ಲ, ನಗು ನಿಲ್ಲಲಿ ಎಂದು ಕಾದಳು, ಕಾಯುವುದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮೇಲಿನ ಸಾಲಿನ ಹಲ್ಲು, ಗೋಡೆಯ ಬುಡದಲ್ಲಿ ಬಿದ್ದಿತ್ತು, ಅಮ್ಮ ತೊಳೆದು ಟಿಕೆಟ್ ಕಿಟಕಿಯಲ್ಲಿ ಇಟ್ಟಿದ್ದಾಳೆ ಎಂದಳು.

“ಯಾವ ಸಿನಿಮಾ?”

ಕೇಳಿದವರು ಪರೀಕ್ಷಕರು. ಇಂಗ್ಲಿಷ್ ಮರೆತು, ಪೆನ್ನು ಮರೆತು, ಅಡ್ಡಡ್ಡ ಕೂತಿದ್ದವರು ಮುಂದಕ್ಕೆ ಬಾಗಿದ್ದರು. ತಾವೇ ಕೇಳಿದ್ದು ಎಂದು ತಿಳಿದು ಸ್ವಲ್ಪ ಪೆಚ್ಚಾದರು, ಆದರೆ ಉತ್ತರ ಬೇಕೇಬೇಕು ಎಂಬುದು ಮುಖದಲ್ಲಿ ಕಾಣುತ್ತಿತ್ತು.

“ನಾಟ್ ಕಾಮಿಡಿ, ಸರ್,” ಎಂದಳು ಹುಡುಗಿ. “ಕ್ರೈಯಿಂಗ್ ಸಿನಿಮಾ.”

ಹಿರಿಯ ಮೇಡಂ ನಕ್ಕದ್ದನ್ನು ಎಂಟನೇ ತರಗತಿ ಕಂಡದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಳುತ್ತ ಹಲ್ಲು ಬೀಳಿಸಿಕೊಂಡವನು ಯಾರು, ಮನೆಗೆ ಹೋಗಿ ಏನು ತಿಂದ, ವಾಪಸ್ಸು ಕೇಳಲು ನಾಚಿಕೆಯೇ ಎಂದು ಮಕ್ಕಳು ಅವಳ ಮೇಲೆ ಪ್ರಶ್ನೆಗಳ ಮಳೆಗರೆದರು, ಅವಳು ಒಂದೊಂದಕ್ಕೂ ತನ್ನದೇ ಮುರುಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಗಂಟೆ ಬಾರಿಸಿದಾಗಲೂ ಅವಳ ಮಾತು ಮುಗಿದಿರಲಿಲ್ಲ. ಅನೌನ್ಸರು ಅಷ್ಟು ಹೊತ್ತೂ ಒಂದು ಮಾತು ಆಡಿರಲಿಲ್ಲ, ಆಡಬೇಕೆಂದು ಅನ್ನಿಸಿಯೂ ಇರಲಿಲ್ಲ.

ಪರೀಕ್ಷಕರು ಕೊಟ್ಟ ಅಂಕ ದೊಡ್ಡದೇನಲ್ಲ. ಪಾಠ ಯೋಜನೆಯಂತೆ ಸಾಗಲಿಲ್ಲ, ಶಿಸ್ತು ಸಾಲದು ಎಂದು ಬರೆದು, ಅಂತೂ ದಡ ಮುಟ್ಟಿಸಿ, ಬೆನ್ನು ತಟ್ಟಿ ಹೋದರು. ಹಿರಿಯ ಮೇಡಂ ಮೆಟ್ಟಿಲ ಹತ್ತಿರ ನಿಂತು, ಗೋಡೆಗೆ ಹಾಳೆ ಒತ್ತಿ ಹಿಡಿದು, ಯೋಗ್ಯ ಎಂದು ಬರೆದು ಸಹಿ ಹಾಕಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ, ನಾನೂ ಅವಳನ್ನ ಕೊನೆಗೇ ಕೇಳ್ತಿದ್ದೆ, ಎಂದು ತಗ್ಗಿದ ದನಿಯಲ್ಲಿ ಹೇಳಿ ಮುಂದಿನ ತರಗತಿಗೆ ನಡೆದರು.

ಅನೌನ್ಸರು ಮನೆಗೆ ಬಂದಾಗ ಹೆಂಡತಿ ಆಗಷ್ಟೇ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಗಂಡನ ಮುಖ ನೋಡಿ ಅಲ್ಲೇ ನಿಂತಳು. ಒಳಗಿನಿಂದ ಅತ್ತೆಯೂ ಬಂದು ಬಾಗಿಲಿಗೆ ಒರಗಿದರು. ಪಾಸಾಯಿತೇ ಎಂದು ಕೇಳಿದರು. ಆಯಿತು, ಮೇಡಂ ಯೋಗ್ಯ ಎಂದು ಬರೆದರು ಎಂದು ಅನೌನ್ಸರು ಹೇಳಿದರು. ಅತ್ತೆ ಕೈ ಜೋಡಿಸಿ ಮೇಲೆ ನೋಡಿದರು, ಈ ಸಲ ರೇಗಿಸಲಿಲ್ಲ.

“ಮತ್ತೆ ಮುಖ ಯಾಕೆ ಹೀಗಿದೆ?” ಎಂದಳು ಹೆಂಡತಿ.

ಅನೌನ್ಸರು ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದರು. ಹಲ್ಲಿನ ಕತೆಗೆ ಅತ್ತೆ, ಹೆಂಡತಿ ಇಬ್ಬರೂ ಬಿದ್ದು ಬಿದ್ದು ನಕ್ಕರು, ಅವರೂ ನಕ್ಕರು. ನಕ್ಕು ಮುಗಿದ ಮೇಲೆ, ಅಷ್ಟು ತಿಂಗಳು ಸಿಕ್ಕಿತ್ತು, ಒಂದೇ ಒಂದು ದಿನ ಅವಳನ್ನು ಮೊದಲು ಕೇಳಿದೆ ಎಂದರು. ದನಿ ಎಲ್ಲೋ ಸಿಕ್ಕಿಕೊಂಡಿತು. ಅಂಥ ದನಿ ಹಾಗೆ ಸಿಕ್ಕಿಕೊಂಡದ್ದನ್ನು ಹೆಂಡತಿ ಮೊದಲು ಕೇಳಿರಲಿಲ್ಲ. ಅವಳು ಪಕ್ಕದಲ್ಲಿ ಬಂದು ಕೂತು ಅವರ ತೋಳಿನ ಮೇಲೆ ಕೈಯಿಟ್ಟಳು.

“ಮುಂದಿನ ಶಾಲೇಲಿ ಕೇಳಿದರಾಯ್ತು ಬಿಡಿ. ಅಲ್ಲೂ ಒಬ್ಬಳು ಮೂಲೆ ಬೆಂಚಿನವಳು ಇದ್ದೇ ಇರ್ತಾಳೆ.”

“ಇರ್ತಾಳೆ,” ಎಂದರು ಅನೌನ್ಸರು. “ಕೇಳ್ತೀನಿ. ಆದರೆ ಇವಳಿರಲ್ವಲ್ಲ.”